ದೆಹಲಿಯ ಚಳಿಯಲ್ಲಿ ಭಂಗಿ ಸೊಪ್ಪು ಒಣಗಿಸಿದ್ದು

ಮೂವತ್ತೊಂದು ವರ್ಷ ಸರ್ಕಾರಿ ಪ್ರಯೋಗಾಲಯದಲ್ಲಿ ಏನು ಕೆಲಸ ಮಾಡಿದಿರಿ ಎಂದು ಯಾರಾದರೂ ಕೇಳಿದರೆ, ಸೊಪ್ಪು ಒಣಗಿಸಿದೆ ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ಯಾವ ಸೊಪ್ಪು ಎಂದು ಹೇಳಿದ ಮೇಲೆ ನಗು ನಿಲ್ಲಿಸಿ ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.

ದೆಹಲಿಯ ದ್ವಾರಕಾದ ನಮ್ಮ ಸೊಸೈಟಿಯಲ್ಲಿ ಮೂರನೆಯ ಮಹಡಿಯ ಹುಡುಗಿಗೆ ಹೋದ ತಿಂಗಳು ಅಂಥದೇ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಕನ್ನಡದವರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಇಲ್ಲಿಯೇ. ಸಿಹಿ ಕೊಡಲು ಬಂದವಳು, "ಆಂಟಿ, ನಿಮ್ಮ ಟೈಮಲ್ಲಿ ಹ್ಯೂಮಿಡಿಟಿ ಚೇಂಬರ್ ಇರ್ಲಿಲ್ವಂತೆ. ತೋ ಫಿರ್ ಕೈಸೆ?" ಎಂದಳು. ಗಾಳಿಯ ತೇವವನ್ನು ತಾನೇ ಹದದಲ್ಲಿಡುವ ಪೆಟ್ಟಿಗೆಯಿಲ್ಲದೆ ಹೇಗೆ ಒಣಗಿಸಿದಿರಿ ಎಂದು ಅವಳ ಪ್ರಶ್ನೆ. ಆ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಮುಗಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಧಾರವಾಡದಲ್ಲಿ ರಸಾಯನಶಾಸ್ತ್ರದ ಪದವಿ ಮುಗಿಸಿ, ಮದುವೆಯಾಗಿ ದೆಹಲಿಗೆ ಬಂದದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ಯಜಮಾನರು ಒಂದು ಸಚಿವಾಲಯದಲ್ಲಿ ಗುಮಾಸ್ತರು; ಸರೋಜಿನಿ ನಗರದಲ್ಲಿ ಎರಡು ಕೋಣೆಯ ಕ್ವಾರ್ಟರ್ಸ್. ಮರುವರ್ಷ ನನಗೂ ಕೆಲಸ ಸಿಕ್ಕಿತು. ಅಲ್ಲಿ ಎರಡು ಬಗೆಯ ಕೆಲಸವಿತ್ತು. ಔಷಧಕ್ಕೆ ಬಳಸುವ ಎಲೆ, ಬೇರು, ತೊಗಟೆಗಳನ್ನು ಒಣಗಿಸಿ, ಇದು ಅಸಲಿ ಎಂದು ಹೋಲಿಸಿ ನೋಡಲು ಮಾದರಿ ಇಡುವುದು ಒಂದು. ಪೊಲೀಸರೂ ಅಬಕಾರಿಯವರೂ ಹಿಡಿದು ತಂದದ್ದು ನಿಜಕ್ಕೂ ಗಾಂಜಾವೇ, ಅಲ್ಲವೇ ಎಂದು ಹೇಳುವುದು ಇನ್ನೊಂದು. ಭಂಗಿ ಗಿಡ, ಅಂದರೆ ಗಾಂಜಾ ಗಿಡ, ಎರಡೂ ಕಡೆಗೆ ಬೇಕಾದದ್ದು. ಹೊಸಬಳೆಂದು ಅದನ್ನು ನನ್ನ ಮೇಜಿಗೆ ತಳ್ಳಿದರು. ಗಂಡಸರು ಯಾರೂ ಆ ವಾಸನೆಯನ್ನು ಮೈಗೆ ಹಚ್ಚಿಕೊಂಡು ಮನೆಗೆ ಹೋಗಲು ಸಿದ್ಧರಿರಲಿಲ್ಲ. ನಾನು ಮಾತ್ರ ಆ ವಾಸನೆಯ ಸೀರೆಯಲ್ಲೇ ವರ್ಷಗಟ್ಟಲೆ ಬಸ್ಸಿನಲ್ಲಿ ಓಡಾಡಿದೆ. ಹಿಂದಿನ ಸೀಟಿನವರು ಮೂಗರಳಿಸಿ, ಸುತ್ತಲಿನ ಗಂಡಸರನ್ನೆಲ್ಲ ಅನುಮಾನದಿಂದ ನೋಡುತ್ತಿದ್ದರು. ನನ್ನ ಮೇಲೆ ಯಾರ ಕಣ್ಣೂ ಬೀಳುತ್ತಿರಲಿಲ್ಲ.

ನಮ್ಮ ಮುಖ್ಯಸ್ಥರು ಮಾಥುರ್ ಸಾಹೇಬರು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ, ಅಕ್ಷರ ಮುತ್ತಿನ ಹಾಗೆ. ಒಂದು ಗ್ರಾಂ ಹೆಚ್ಚುಕಮ್ಮಿಯಾದರೂ ಇಡೀ ಕೆಲಸವನ್ನು ಮತ್ತೆ ಮಾಡಿಸುತ್ತಿದ್ದರು. ಆ ವರ್ಷದ ಡಿಸೆಂಬರಿನಲ್ಲಿ ಹಸಿ ಭಂಗಿ ಗಿಡದ ದೊಡ್ಡದೊಂದು ಕಟ್ಟು ಬಂತು. ಮಾದರಿಗೆ ಬೇಕು, ಒಣಗಿಸಿ ಎಂದರು. ಹೇಗೆ ಎಂದು ಕೇಳಲು ಸಂಕೋಚವಾಗಿ, ಕಾಲೇಜಿನಲ್ಲಿ ತೇವಾಂಶ ಅಳೆಯಲು ಕಲಿತಂತೆ ಬಿಸಿಗಾಳಿಯ ಒಲೆಗೆ ಹಾಕಿ ನೂರೈದು ಡಿಗ್ರಿಗೆ ತಿರುಗಿಸಿದೆ. ಸಂಜೆಯ ಹೊತ್ತಿಗೆ ಒಣಗಿತ್ತು, ಸರಿ. ಆದರೆ ಎಲೆಯೆಲ್ಲ ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿತ್ತು, ಮುಟ್ಟಿದರೆ ಪುಡಿ. ಗಿಡದ ಪರಿಮಳವೆಲ್ಲ ಒಲೆಯ ಬಾಯಿಂದ ಹೊರಗೆ ಹೋಗಿ ಕಾರಿಡಾರಿನ ತುಂಬ ಹರಡಿತ್ತು. ಮಾಥುರ್ ಸಾಹೇಬರು ಬಂದು ಒಂದು ಎಲೆ ಎತ್ತಿ ಮೂಸಿ ಕೆಳಗಿಟ್ಟರು. ನೀವು ತೇವವನ್ನು ಅಳೆದಿದ್ದೀರಿ, ನಾನು ಕೇಳಿದ್ದು ಗಿಡವನ್ನು ಎಂದರು. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಒಲೆ ಬೇಡ, ನೆರಳಿನಲ್ಲಿ ಒಣಗಿಸೋಣ ಎಂದು ಹಿಂದಿನ ಸ್ಟೋರ್ ಕೋಣೆಯಲ್ಲಿ ಹಗ್ಗ ಕಟ್ಟಿ, ಮತ್ತೆ ತರಿಸಿದ ಹಸಿ ಗಿಡಗಳನ್ನು ತಲೆಕೆಳಗಾಗಿ ತೂಗುಹಾಕಿದೆ. ದೆಹಲಿಯ ಜನವರಿ. ಹೊರಗೆ ಮಂಜು, ಎದುರಿನ ಬೇವಿನ ಮರವೇ ಕಾಣದು. ಒಂದು ವಾರವಾದರೂ ಎಲೆ ಹಸಿಹಸಿಯೇ. ಹೊರಗಿನ ತೇವ ಒಳಗೆ ಬರುತ್ತಿದೆ ಎಂದುಕೊಂಡು ಕಿಟಕಿಯ ಸಂದಿಗಳಿಗೆಲ್ಲ ಕಾಗದ ಅಂಟಿಸಿ, ಕೋಣೆಯ ಮಧ್ಯೆ ಇದ್ದಿಲ ಅಂಗೀಠಿ ಇಡಿಸಿದೆ. ಆಗ ಚಳಿಗಾಲದಲ್ಲಿ ಎಲ್ಲ ಕಚೇರಿಗಳಲ್ಲೂ ಕಬ್ಬಿಣದ ಆ ಅಗ್ಗಿಷ್ಟಿಕೆ ಇರುತ್ತಿತ್ತು. ನಮ್ಮ ಅಟೆಂಡರ್ ಬನ್ವಾರಿಲಾಲ್ ನನಗಿಂತ ಇಪ್ಪತ್ತು ವರ್ಷ ದೊಡ್ಡವರು; ಗಿಡ ತಿರುವಿಹಾಕಲು ಒಳಗೆ ಹೋದವರು ಗೋಡೆ ಹಿಡಿದುಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತರು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಹೊಗೆ ಏನು ಮಾಡುತ್ತದೆಂದು ರಸಾಯನಶಾಸ್ತ್ರ ಓದಿದ ನನಗೆ ಗೊತ್ತಿರಬೇಕಿತ್ತು. ಗಾಳಿಗೆ ಕೂರಿಸಿ, ಚಹಾ ಕುಡಿಸಿ, ಅವರ ಮುಖಕ್ಕೆ ಬಣ್ಣ ಮರಳುವವರೆಗೆ ನಾನು ಆ ಮೆಟ್ಟಿಲು ಬಿಟ್ಟು ಏಳಲಿಲ್ಲ. ಹೊಸದಾಗಿ ಸೇರುವವರು ಈ ಮಾತನ್ನು ಬರೆದಿಟ್ಟುಕೊಳ್ಳಿ: ನಿಮ್ಮ ಕೈಕೆಳಗಿನವರನ್ನು ಒಂದು ಕೋಣೆಗೆ ಕಳಿಸುವ ಮೊದಲು ಆ ಕೋಣೆಯಲ್ಲಿ ನೀವು ಹತ್ತು ನಿಮಿಷ ನಿಂತಿರಬೇಕು.

ಅಂಗೀಠಿಯಿಂದ ಗಿಡವೂ ಉಳಿಯಲಿಲ್ಲ. ಗಿಡ ಬಿಟ್ಟ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಗೋಡೆ ಬೆವರಿತು. ಮೂರನೆಯ ದಿನ ಹೂಗೊಂಚಲುಗಳ ಒಳಗೆ ಬೂದು ಬಣ್ಣದ ಬೂಷ್ಟು. ಇಡೀ ಕಟ್ಟನ್ನು ಸುಟ್ಟು ಹಾಕಬೇಕಾಯಿತು.

ಉತ್ತರ ಸಿಕ್ಕಿದ್ದು ಮನೆಯಲ್ಲಿ, ಮಗಳ ಲಂಗೋಟಿಗಳಿಂದ. ಅವಳಿಗಾಗ ಏಳು ತಿಂಗಳು. ಆ ಚಳಿಯಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗುತ್ತಿರಲಿಲ್ಲ. ಕಿಟಕಿ ಮುಚ್ಚಿ ಹೀಟರ್ ಹಾಕಿದರೂ ಕೋಣೆ ಬೆಚ್ಚಗಾಗುತ್ತಿತ್ತೇ ಹೊರತು ಬಟ್ಟೆ ಒಣಗುತ್ತಿರಲಿಲ್ಲ. ಒಂದು ಭಾನುವಾರ ಒಗ್ಗರಣೆ ಹೊಗೆ ಹೋಗಲೆಂದು ಯಜಮಾನರು ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆದಿಟ್ಟರು. ಹೀಟರ್ ಉರಿಯುತ್ತಿದೆ, ಕಿಟಕಿಯಿಂದ ಮಂಜಿನ ಗಾಳಿ ಬರುತ್ತಿದೆ ಎಂದು ನಾನು ಗೊಣಗಿದೆ. ಊಟ ಮಾಡಿ ಎದ್ದು ನೋಡಿದರೆ ಲಂಗೋಟಿಗಳೆಲ್ಲ ಗರಿಗರಿ.

ಅಲ್ಲೇ ನೆಲದ ಮೇಲೆ ಕುಳಿತು ಲೆಕ್ಕ ಹಾಕಿದೆ. ಮಂಜಿನ ಗಾಳಿ ಒದ್ದೆಯಾಗಿ ಕಾಣುತ್ತದೆ, ಆದರೆ ತಣ್ಣಗಿನ ಗಾಳಿಗೆ ಹೆಚ್ಚು ನೀರು ಹೊರುವ ಶಕ್ತಿಯೇ ಇಲ್ಲ. ಏಳು ಡಿಗ್ರಿಯಲ್ಲಿ ತುಂಬಿತುಳುಕುವ ಗಾಳಿಯನ್ನು ಒಳಗೆ ತಂದು ಹದಿನೆಂಟಕ್ಕೆ ಬೆಚ್ಚಗೆ ಮಾಡಿದರೆ, ಅದೇ ಗಾಳಿ ಅರ್ಧ ಖಾಲಿ. ಉಳಿದರ್ಧಕ್ಕೆ ಅದು ಬಟ್ಟೆಯ ನೀರನ್ನೋ ಗಿಡದ ನೀರನ್ನೋ ಕುಡಿಯುತ್ತದೆ. ಕುಡಿದ ಗಾಳಿಯನ್ನು ಹೊರಗೆ ಕಳಿಸಿ ಹೊಸದನ್ನು ಒಳಗೆ ಬಿಡುತ್ತಿರಬೇಕು, ಅಷ್ಟೆ. ನಾನು ಕಿಟಕಿ ಮುಚ್ಚಿದ್ದೇ ತಪ್ಪು.

ಮುಂದಿನ ಚಳಿಗಾಲಕ್ಕೆ ಸ್ಟೋರ್ ಕೋಣೆಯನ್ನು ಹೊಸದಾಗಿ ಸಜ್ಜುಮಾಡಿದೆ. ಇದ್ದಿಲ ಬದಲು ಎರಡು ವಿದ್ಯುತ್ ಹೀಟರ್. ಕೆಳಗಿನ ಕಿಟಕಿ ನಾಲ್ಕು ಬೆರಳು ತೆರೆದದ್ದು, ಮೇಲಿನ ಗವಾಕ್ಷಿಯಲ್ಲಿ ಗಾಳಿಯನ್ನು ಹೊರಗೆಳೆಯುವ ಫ್ಯಾನು. ಒಂದು ಮೇಜಿನ ಫ್ಯಾನು ಗೋಡೆಯ ಕಡೆಗೆ ಮುಖಮಾಡಿ, ಗಾಳಿ ನೇರವಾಗಿ ಎಲೆಗೆ ಬಡಿಯದಂತೆ. ಬೆಳಕಿಗೆ ಗುಣ ಕೆಡುವುದರಿಂದ ಕಪ್ಪು ಪರದೆ. ನಡುವೆ ಎರಡು ಥರ್ಮಾಮೀಟರುಗಳ ಜೋಡಿ, ಒಂದರ ಪಾದರಸದ ಬುಡ್ಡೆ ಒಣದು, ಇನ್ನೊಂದರದಕ್ಕೆ ಒದ್ದೆ ಬಟ್ಟೆ ಸುತ್ತಿದ್ದು. ಎರಡರ ಅಂತರ ನೋಡಿ, ಕೋಷ್ಟಕದಲ್ಲಿ ಹುಡುಕಿ, ಗಾಳಿಯ ತೇವ ತಿಳಿಯಬೇಕು. ಮೂರು ಚಳಿಗಾಲ ಒದ್ದಾಡಿದ ಮೇಲೆ ನನಗೆ ಸಿಕ್ಕ ಹದ ಇದು: ಬಿಸಿ ಹದಿನಾರರಿಂದ ಇಪ್ಪತ್ತು ಡಿಗ್ರಿ, ತೇವ ನೂರಕ್ಕೆ ಐವತ್ತರಿಂದ ಅರವತ್ತು, ಸಮಯ ಹತ್ತರಿಂದ ಹದಿನಾಲ್ಕು ದಿನ. ತೇವ ಅರವತ್ತೈದು ದಾಟಿದರೆ ಬೂಷ್ಟು ಹೊಂಚುಹಾಕುತ್ತದೆ. ನಲವತ್ತೈದಕ್ಕಿಂತ ಇಳಿದರೆ ಹೊರಗೆ ಗರಿಗರಿ, ಒಳಗೆ ಹಸಿ. ಸಣ್ಣ ಕಡ್ಡಿ ಬಾಗದೆ ಚಟ್ಟೆಂದು ಮುರಿದರೆ ಒಣಗಿತು. ಒಣಗಿದ ಎಲೆ ಹಸಿರಾಗಿಯೇ ಇರಬೇಕು, ಮೂಸಿದರೆ ಗಿಡವೇ ಎದುರಿಗಿದ್ದಂತಿರಬೇಕು.

ಇವತ್ತು ಇದೆಲ್ಲ ಒಂದು ಗುಂಡಿ ಒತ್ತಿದರೆ ಆಗುತ್ತದೆ. ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಮಾಥುರ್ ಸಾಹೇಬರು ಆ ಮೂರನೆಯ ಚಳಿಗಾಲದ ಮಾದರಿಯನ್ನು ಮೂಸಿ, ಅದನ್ನು ತಾವೇ ಬೀರುವಿನ ಮುಂದಿನ ಸಾಲಿನಲ್ಲಿ ಇಟ್ಟರಲ್ಲ, ಆ ಸಂತೋಷ ಗುಂಡಿ ಒತ್ತಿದವರಿಗೆ ಸಿಗಲಾರದು.

ಈಗ ಹುಕುಮ್ ಸಿಂಗರ ಪ್ರಕರಣ. ನನ್ನ ಕೆಲಸದ ಬದುಕಿನಲ್ಲಿ ಇದೊಂದನ್ನೇ ಹೇಳು ಎಂದರೂ ಇದನ್ನೇ ಹೇಳುತ್ತೇನೆ.

ಒಂದು ಡಿಸೆಂಬರಿನ ಕೊನೆಗೆ ಯಮುನೆಯ ಆಚೆಯ ತೋಟವೊಂದರಲ್ಲಿ ಕದ್ದು ಬೆಳೆಸಿದ ಗಾಂಜಾವನ್ನು ಪೊಲೀಸರು ಕಿತ್ತರು. ಅಲ್ಲೇ ತೂಗಿದಾಗ ನಲವತ್ತೆರಡು ಕಿಲೋ. ಎರಡು ಕಿಲೋ ಹಸಿ ಗಿಡವನ್ನು ಪರೀಕ್ಷೆಗೆ ನಮಗೆ ಕಳಿಸಿ, ಉಳಿದ ನಲವತ್ತನ್ನು ಠಾಣೆಯ ಮಾಲ್ಖಾನೆಯಲ್ಲಿ, ಅಂದರೆ ವಶಪಡಿಸಿಕೊಂಡ ವಸ್ತುಗಳ ಉಗ್ರಾಣದಲ್ಲಿ ಇಟ್ಟರು. ಆ ಉಗ್ರಾಣದ ಹೊಣೆ ಹೆಡ್ ಕಾನ್‌ಸ್ಟೇಬಲ್ ಹುಕುಮ್ ಸಿಂಗ್ ಅವರದು. ನಮ್ಮ ಎರಡು ಕಿಲೋ ತಂದುಕೊಟ್ಟವರೂ ಅವರೇ. ರೋಹ್ತಕ್ ಕಡೆಯ ಎತ್ತರದ ಆಳು, ನರೆತ ಮೀಸೆ. ಮೊಹರು ಸರಿಯಿದೆಯೇ ಎಂದು ನನ್ನಿಂದ ಎರಡು ಸಲ ನೋಡಿಸಿ ಸಹಿ ಪಡೆದರು. ನಾನು ಎಂದಿನಂತೆ ಗಿಡ ತೂಗುಹಾಕಿ, ದಿನಾ ತೂಕ ಬರೆದೆ. ಹನ್ನೆರಡನೆಯ ದಿನ ಎರಡು ಕಿಲೋ ಇದ್ದದ್ದು ಐನೂರು ಗ್ರಾಂ ಆಗಿತ್ತು. ಗಾಂಜಾ ಹೌದೆಂದು ವರದಿ ಕಳಿಸಿ, ಪರೀಕ್ಷೆಗೆ ಬಳಸಿದ ಚಿಟಿಕೆಯಷ್ಟನ್ನು ಬಿಟ್ಟು ಉಳಿದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ಮರೆತೆ.

ಜೂನ್ ತಿಂಗಳಲ್ಲಿ ಆ ಠಾಣೆಗೆ ಹೊಸ ಇನ್‌ಸ್ಪೆಕ್ಟರ್ ಬಂದು ಉಗ್ರಾಣ ತಪಾಸಣೆ ಮಾಡಿದರು. ದಾಖಲೆಯಲ್ಲಿ ನಲವತ್ತು ಕಿಲೋ, ತಕ್ಕಡಿಯಲ್ಲಿ ಒಂಬತ್ತೂಕಾಲು. ಉಳಿದದ್ದನ್ನು ಮಾರಿಕೊಂಡಿದ್ದಾರೆಂದು ಹುಕುಮ್ ಸಿಂಗರನ್ನು ಅಮಾನತು ಮಾಡಿ ಮೊಕದ್ದಮೆ ಹೂಡಿದರು. ಅವರ ವಕೀಲರು ಒಣಗಿ ಕಡಿಮೆಯಾಗಿದೆ ಎಂದಾಗ ಇನ್‌ಸ್ಪೆಕ್ಟರ್ ನಕ್ಕರಂತೆ. ಮ್ಯಾಜಿಸ್ಟ್ರೇಟರು ನಮ್ಮ ಅಭಿಪ್ರಾಯ ಕೇಳಿ ಪತ್ರ ಬರೆದರು.

ನಾನು ಹಳೆಯ ದಾಖಲೆ ತೆಗೆದೆ. ಎರಡು ಕಿಲೋ ಒಣಗಿ ಐನೂರು ಗ್ರಾಂ ಆದರೆ ನಲವತ್ತು ಕಿಲೋ ಒಣಗಿ ಹತ್ತಾಗಬೇಕು. ಅಲ್ಲಿರುವುದು ಒಂಬತ್ತೂಕಾಲು. ಮೂವತ್ತು ಕಿಲೋ ನೀರು ಎಂದು ಧೈರ್ಯವಾಗಿ ಹೇಳಬಹುದಿತ್ತು, ಆದರೆ ಮುಕ್ಕಾಲು ಕಿಲೋ ಎಲ್ಲಿ ಹೋಯಿತು? ಒಣ ಗಾಂಜಾ ಮುಕ್ಕಾಲು ಕಿಲೋ ಎಂದರೆ ಕಡಿಮೆಯಲ್ಲ. ಒಬ್ಬ ಪೊಲೀಸನ ಕೆಲಸ ಕಳೆಯಲು, ಜೈಲಿಗೆ ಕಳಿಸಲು ಅಷ್ಟು ಸಾಕು.

ಮಾಥುರ್ ಸಾಹೇಬರು ನನ್ನ ಕರಡು ಓದಿದರು. ಒಂದು ಗ್ರಾಮಿಗೆ ಜಗಳವಾಡುವ ಮನುಷ್ಯ ಅಂದು ಮೊದಲ ಬಾರಿಗೆ ಸಡಿಲವಾದರು. "ಸುಮತಿ ಜೀ, ಪಾಪದ ಮನುಷ್ಯ. ಸುಮಾರಾಗಿ ಹೊಂದುತ್ತದೆ ಎಂದು ಬರೆದುಬಿಡಿ" ಎಂದರು.

"ಸರ್, ಸುಮಾರು ಎಂದು ಬರೆದರೆ ಅವರ ವಕೀಲರು ನನ್ನನ್ನೇನೂ ಕೇಳುವುದಿಲ್ಲ. ಎದುರಿನವರು ಮುಕ್ಕಾಲು ಕಿಲೋ ಎಲ್ಲಿ ಎಂದು ಕೇಳುತ್ತಾರೆ. ಆಗ ನಾನು ಸುಳ್ಳಿ, ಹುಕುಮ್ ಸಿಂಗ್ ಕಳ್ಳ" ಎಂದೆ. ನನಗೆ ಹತ್ತು ದಿನ ಕೊಡಿ ಎಂದು ಕೇಳಿಕೊಂಡೆ. ಅವರು ಕರಡನ್ನು ನನ್ನ ಕಡೆಗೆ ತಳ್ಳಿ ತಲೆಯಾಡಿಸಿದರು.

ಹೊಳೆದದ್ದು ಬಸ್ ನಿಲ್ದಾಣದಲ್ಲಿ. ಜೂನ್ ತಿಂಗಳ ಲೂ ಎಂಬ ಒಣ ಬಿಸಿಗಾಳಿ ಕುಲುಮೆಯಿಂದ ಬಂದಂತೆ ಬೀಸುತ್ತಿತ್ತು. ತುಟಿ ಒಡೆದು ಉರಿಯುತ್ತಿತ್ತು. ನಾನು ಒಣಗಿಸಿದ್ದು ಐವತ್ತೈದರ ತೇವದಲ್ಲಿ. ಆ ಗಾಳಿಯಲ್ಲಿ ಒಣಗಿದ ಸೊಪ್ಪು ಒಣಗಿದೆ ಎನ್ನಿಸಿದರೂ ಒಳಗೆ ಸ್ವಲ್ಪ ನೀರು ಇಟ್ಟುಕೊಂಡಿರುತ್ತದೆ. ಜೂನ್ ಗಾಳಿಯ ತೇವ ಇಪ್ಪತ್ತೂ ಇಲ್ಲ. ಉಗ್ರಾಣದಲ್ಲಿದ್ದ ಸೊಪ್ಪಿನಿಂದ ಅದು ಉಳಿದ ನೀರನ್ನೂ ಹೀರಿರಬೇಕು. ನನ್ನ ಡಬ್ಬಿಯಲ್ಲಿದ್ದದ್ದಕ್ಕೆ ಆ ಗಾಳಿ ತಾಗಿಯೇ ಇರಲಿಲ್ಲ.

ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ನನ್ನ ಡಬ್ಬಿಯನ್ನೂ ತಕ್ಕಡಿಯನ್ನೂ ಹೊತ್ತು ಬನ್ವಾರಿಲಾಲರೊಂದಿಗೆ ಆ ಠಾಣೆಗೆ ಹೋದೆ. ತಗಡು ಮಾಡಿನ ಉಗ್ರಾಣ. ಒಳಗೆ ಕಾಲಿಟ್ಟರೆ ಕಣ್ಣು ಒಣಗುತ್ತಿತ್ತು. ಡಬ್ಬಿಯ ಸೊಪ್ಪನ್ನು ತೆಳು ಬಟ್ಟೆಯ ತಟ್ಟೆಯಲ್ಲಿ ಹರಡಿ ಆ ಗಾಂಜಾ ಮೂಟೆಯ ಪಕ್ಕದಲ್ಲಿಟ್ಟೆ. ಇನ್‌ಸ್ಪೆಕ್ಟರ್ ತಾವೇ ಬೀಗ ಹಾಕಿ ಕೀಲಿ ಜೇಬಿಗಿಟ್ಟುಕೊಂಡರು. ಅದೇ ನನಗೂ ಬೇಕಿತ್ತು. ನಾಲ್ಕು ದಿನದ ಮೇಲೆ ಅವರ ಎದುರಿಗೇ ತೂಗಿದೆ. ಪರೀಕ್ಷೆಗೆ ತೆಗೆದ ಚಿಟಿಕೆಯನ್ನೂ ಲೆಕ್ಕಕ್ಕೆ ಸೇರಿಸಿದರೆ, ಐನೂರು ಇದ್ದದ್ದು ನಾನೂರ ಅರವತ್ತೈದು. ಇಪ್ಪತ್ತು ಪಟ್ಟು ಮಾಡಿದರೆ ಒಂಬತ್ತು ಕಿಲೋ ಮುನ್ನೂರು. ಹುಕುಮ್ ಸಿಂಗರ ಸೊಪ್ಪಿಗೂ ಇದಕ್ಕೂ ಐವತ್ತು ಗ್ರಾಂ ಅಂತರ. ಮೂಟೆ ಎತ್ತಿಳಿಸುವಾಗ ಉದುರಿದ ಪುಡಿ ಅಷ್ಟಾದರೂ ಇರುತ್ತದೆ.

ವರದಿ ಬರೆದೆ. ಮಾಥುರ್ ಸಾಹೇಬರು ಎರಡು ಸಲ ಓದಿ, ಒಂದು ಅಕ್ಷರವನ್ನೂ ತಿದ್ದದೆ, ನ್ಯಾಯಾಲಯಕ್ಕೆ ನೀವೇ ಹೋಗಿ ಎಂದರು. ಅದುವರೆಗೆ ಸಾಕ್ಷಿ ಹೇಳಲು ಅವರೇ ಹೋಗುತ್ತಿದ್ದರು, ಬೇರೆ ಯಾರನ್ನೂ ಕಳಿಸಿರಲಿಲ್ಲ.

ವಿಚಾರಣೆ ಬಂದದ್ದು ಆಗಸ್ಟಿನಲ್ಲಿ. ಎರಡು ವಾರದಿಂದ ಬಿಡದೆ ಮಳೆ. ಸಾಕ್ಷಿ ಕಟ್ಟೆಯಲ್ಲಿ ನನ್ನ ಅರೆಬರೆ ಹಿಂದಿಯಲ್ಲಿ ಎಲ್ಲ ವಿವರಿಸಿದೆ. ಹುಕುಮ್ ಸಿಂಗರು ಮೂಲೆಯಲ್ಲಿ ಸಾದಾ ಬಟ್ಟೆಯಲ್ಲಿ ನಿಂತಿದ್ದರು. ಎರಡೇ ತಿಂಗಳಲ್ಲಿ ಮೀಸೆಯೂ ಇಳಿದುಬಿದ್ದಂತಿತ್ತು. ಸರ್ಕಾರಿ ವಕೀಲರು ನನ್ನ ಕಾಗದಗಳನ್ನು ತಿರುವಿಹಾಕಿ, ಇದೆಲ್ಲ ಪುಸ್ತಕದ ಲೆಕ್ಕ ಎಂದರು. ಆಮೇಲೆ ಕೇಳಿದರು: "ಅಂದರೆ ಮೇಡಮ್, ನಿಮ್ಮ ಪ್ರಕಾರ ಕಳ್ಳ ಯಾರು? ಗಾಳಿಯೇ?"

ಹಿಂದೆ ಕೂತವರು ನಕ್ಕರು. ನನಗೆ ಕಿವಿ ಬಿಸಿಯಾಯಿತು. "ಹೌದು" ಎಂದೆ. "ಜೂನ್‌ನಲ್ಲಿ ಗಾಳಿ ತೆಗೆದುಕೊಂಡಿತು. ಈಗ ಮಳೆಗಾಲ, ಸ್ವಲ್ಪ ವಾಪಸ್ಸು ಕೊಟ್ಟಿರಬೇಕು. ತರಿಸಿ ತೂಗಿ ನೋಡಿ."

ಈ ಮಾತು ನನ್ನ ವರದಿಯಲ್ಲಿರಲಿಲ್ಲ, ಬಾಯಿಂದ ಬಂದುಬಿಟ್ಟಿತ್ತು. ತೂಕ ಹೆಚ್ಚಾಗಿರದಿದ್ದರೆ ನನ್ನ ಮಾತೂ ಹೋಯಿತು, ಆ ಮನುಷ್ಯನೂ ಹೋದ. ಮ್ಯಾಜಿಸ್ಟ್ರೇಟರು ಮಧ್ಯಾಹ್ನದ ಹೊತ್ತಿಗೆ ಮಾಲು ತರಲು ಆದೇಶಿಸಿದರು. ಮೊಗಸಾಲೆಯ ಬೆಂಚಿನ ಮೇಲೆ ಕೂತು ನಾನು ಕಟ್ಟಿಕೊಂಡು ಹೋಗಿದ್ದ ಚಪಾತಿಯನ್ನು ಬಿಚ್ಚಲೂ ಆಗಲಿಲ್ಲ.

ಮೂಟೆ ಬಂತು. ಜೂನ್‌ನಲ್ಲಿ ಇನ್‌ಸ್ಪೆಕ್ಟರ್ ಹಾಕಿದ ಮೊಹರು ಹಾಗೆಯೇ ಇತ್ತು. ಮ್ಯಾಜಿಸ್ಟ್ರೇಟರು ಸ್ವತಃ ಮೊಹರು ನೋಡಿ, ಗೋಣಿ ಬಿಚ್ಚಿಸಿ, ಸೊಪ್ಪನ್ನು ಮಾತ್ರ ತಕ್ಕಡಿಗೆ ಹಾಕಿಸಿದರು. ಗುಮಾಸ್ತ ಬಗ್ಗಿ ಓದಿದ: ಹತ್ತು ಕಿಲೋ ನಾನೂರು ಗ್ರಾಂ. ಮತ್ತೆ ತೂಗಲು ಹೇಳಿದರು. ಮತ್ತೆ ಅಷ್ಟೇ.

ಮ್ಯಾಜಿಸ್ಟ್ರೇಟರು ಇನ್‌ಸ್ಪೆಕ್ಟರರ ಕಡೆಗೆ ತಿರುಗಿದರು. "ಜೂನ್‌ನಿಂದ ಕೀಲಿ ನಿಮ್ಮ ಹತ್ತಿರವೇ ಇದೆ. ಒಂದು ಕಿಲೋಗಿಂತ ಹೆಚ್ಚು ಸೊಪ್ಪನ್ನು ಇದರೊಳಗೆ ಹಾಕಿದವರು ಯಾರು?"

ಇನ್‌ಸ್ಪೆಕ್ಟರ್ ಮುಂದೆ ಬಂದು ಬಗ್ಗಿ ತಕ್ಕಡಿಯನ್ನು ತಾವೇ ಓದಿಕೊಂಡರು.

ಹುಕುಮ್ ಸಿಂಗರನ್ನು ಬಿಡುಗಡೆ ಮಾಡಿದರು. ಆ ವರ್ಷದಿಂದಲೇ ನಮ್ಮ ಪ್ರಯೋಗಾಲಯದ ವರದಿಯ ನಮೂನೆಯಲ್ಲಿ ಹಸಿ ತೂಕ, ಒಣ ತೂಕ, ತೂಗಿದ ದಿನದ ಬಿಸಿ ಮತ್ತು ತೇವ ಎಂದು ನಾಲ್ಕು ಮನೆಗಳು ಸೇರಿದವು. ಅದನ್ನು ಗೆರೆ ಎಳೆದು ಬರೆದದ್ದು ನಾನು, ಸಹಿ ಮಾಥುರ್ ಸಾಹೇಬರದು. ತಮ್ಮಲ್ಲಿಯೂ ಇವತ್ತಿಗೂ ನಮೂನೆಯಲ್ಲಿ ಆ ಮನೆಗಳಿವೆ ಎಂದು ಮೂರನೆಯ ಮಹಡಿಯ ಹುಡುಗಿ ಹೇಳಿದಾಗ ನಾನು ಎದ್ದು ಅವಳಿಗೆ ಇನ್ನೊಂದು ಲೋಟ ಕಾಫಿ ಮಾಡಿಕೊಟ್ಟೆ.

ಅಕ್ಟೋಬರಿನಲ್ಲಿ ಹುಕುಮ್ ಸಿಂಗರು ಸಮವಸ್ತ್ರದಲ್ಲಿ ಪ್ರಯೋಗಾಲಯಕ್ಕೆ ಬಂದರು. ಕೆಲಸ ಮರಳಿ ಸಿಕ್ಕಿತ್ತು. ಆದರೂ ಮುಖದಲ್ಲಿ ಗೆಲುವಿರಲಿಲ್ಲ. ಪೊಲೀಸ್ ಲೈನಿನ ಹೆಂಗಸರು ತಮ್ಮ ಹೆಂಡತಿಯೊಂದಿಗೆ ಇನ್ನೂ ಮಾತಾಡುವುದಿಲ್ಲ, ನಲ್ಲಿಯ ಹತ್ತಿರ ಎಲ್ಲರೂ ಹೋದ ಮೇಲೆ ಅವಳು ನೀರು ತರಬೇಕು ಎಂದರು. ನ್ಯಾಯಾಲಯದ ಕಾಗದವನ್ನು ಆ ಹೆಂಗಸರಿಗೆ ಓದಿ ಹೇಳುವವರು ಯಾರು? ಒಂದು ಸಲ ಬಂದು ಅವರಿಗೆ ಹೇಳುತ್ತೀರಾ ಬೆಹೆನ್‌ಜೀ ಎಂದು ಕೇಳಿದರು.

ಮುಂದಿನ ಭಾನುವಾರ ಯಜಮಾನರೂ ನಾನೂ ಹೋದೆವು. ನಲ್ಲಿಯ ಕಟ್ಟೆಯ ಸುತ್ತ ಹತ್ತು ಹನ್ನೆರಡು ಹೆಂಗಸರು. ಹುಕುಮ್ ಸಿಂಗರ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹಿಂದೆ ನಿಂತಿದ್ದರು. ನಾನು ಶುರುಮಾಡಿದೆ, ಬಿಸಿ, ತೇವ, ಗಾಳಿ. ನನ್ನ ಹಿಂದಿ ಅವರಿಗೆ ತಿಳಿಯಲಿಲ್ಲ, ಅವರ ಹರಿಯಾಣವಿ ನನಗೆ ಅರ್ಧಂಬರ್ಧ ತಿಳಿಯಿತು. ಒಬ್ಬ ಮುದುಕಿ ಮಾತ್ರ ಕಣ್ಣು ಕಿರಿದುಮಾಡಿ ಕೇಳುತ್ತಿದ್ದವಳು ಕೈಯೆತ್ತಿ ನನ್ನನ್ನು ನಿಲ್ಲಿಸಿದಳು. ಆಮೇಲೆ ಉಳಿದವರ ಕಡೆ ತಿರುಗಿ, ನಾವು ಚಳಿಗಾಲದಲ್ಲಿ ಮೆಂತ್ಯದ ಸೊಪ್ಪು ಒಣಗಿಸುವುದಿಲ್ಲವೇ, ಒಂದು ಬುಟ್ಟಿ ಹಾಕಿದರೆ ಎಷ್ಟು ಉಳಿಯುತ್ತದೆ ಎಂದು ಕೇಳಿದಳು. ಒಬ್ಬಳು ಮುಷ್ಟಿ ತೋರಿಸಿದಳು.

ಕಟ್ಟೆಯ ಸುತ್ತ ಎಲ್ಲರೂ ಆ ಮುಷ್ಟಿಯನ್ನೇ ನೋಡುತ್ತಿದ್ದರು.

"ಗೊತ್ತಿತ್ತು ನಮಗೆ" ಎಂದಳು ಮುದುಕಿ. "ಗೊತ್ತಿದ್ದೂ ಕಳ್ಳ ಅಂದೆವು."

ಎದ್ದು ಹಿಂದಕ್ಕೆ ಹೋಗಿ ಹುಕುಮ್ ಸಿಂಗರ ಹೆಂಡತಿಯ ಕೈಯಿಂದ ಕೊಡ ತೆಗೆದುಕೊಂಡಳು. ಸಾಲಿನಲ್ಲಿದ್ದ ಕೊಡಗಳನ್ನೆಲ್ಲ ಕಾಲಿನಿಂದ ಪಕ್ಕಕ್ಕೆ ಸರಿಸಿ, ಅದನ್ನು ನಲ್ಲಿಯ ಕೆಳಗಿಟ್ಟು, ತುಂಬುವವರೆಗೆ ಅದರ ಪಕ್ಕದಲ್ಲೇ ನಿಂತಳು.